ಹದಿನಾಲ್ಕು ಗಂಟು

ಕೂಸಿನ ಕಾಲುಚೀಲಗಳನ್ನಿಡುವ ಡ್ರಾಯರಿನ ತಳದಲ್ಲಿ ಗೇಣುದ್ದದ ಒಂದು ನೀಲಿ ನೈಲಾನ್ ಹಗ್ಗ ಬಿದ್ದು ಹತ್ತು ದಿನವಾಗಿತ್ತು. ಅದರ ನಡುವೆ ಮೂರು ಸುತ್ತಿನ ಒಂದು ಗಂಟು. ಅದು ಅಲ್ಲಿದೆಯೆಂದು ಅವಳೊಬ್ಬಳಿಗೇ ಗೊತ್ತು. ಆದರೂ ಗಂಡ ಆ ಕೋಣೆಯ ಕಡೆ ಹೆಜ್ಜೆಯಿಟ್ಟರೆ ಸಾಕು, ಏನೋ ನೆಪ ಮಾಡಿಕೊಂಡು ಹಿಂದೆಯೇ ಹೋಗುತ್ತಿದ್ದಳು.

ಚಿಂತೆ ಅವಳಿಗೆ ಹೊಸದಲ್ಲ. ಗ್ಯಾಸ್ ಆರಿಸಿ ಬಂದವಳು ಮತ್ತೆ ಮೂರು ಸಲ ಹೋಗಿ ನೋಡುವಳು. ಕೂಸು ಒಂದು ಗಳಿಗೆ ಹೆಚ್ಚು ಮಲಗಿದರೆ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುವಳು. ಕೂಸಿನ ಬೂಟಿನ ದಾರಕ್ಕೆ ಅವಳು ಹಾಕುವ ಗಂಟನ್ನು ಸಂಜೆ ಗಂಡ ಉಗುರು ಮುರಿದುಕೊಂಡು ಬಿಚ್ಚಬೇಕು. ಅವೆಲ್ಲ ಬಂದು ಹೋಗುವ ಚಿಂತೆಗಳು. ಇದು ಬಂದು ಕೂತುಬಿಟ್ಟಿತ್ತು. ಹಾಲು ಕಾಯಿಸುವಾಗ, ಬಟ್ಟೆ ಮಡಚುವಾಗ, ಕೂಸಿನ ಬಾಯಿಗೆ ತುತ್ತಿಡುವಾಗ ಒಂದೇ ಮಾತು ತಲೆಯೊಳಗೆ ಗಿರಕಿ ಹೊಡೆಯುತ್ತಿತ್ತು: ತಾತನಿಗೆ ಹೇಳದೆ ಇನ್ನೆಷ್ಟು ದಿನ?

"ನಾಳೆ ಹತ್ತು ಗಂಟೆಗೆ ತೋಟದಲ್ಲಿ ಮೀಟಿಂಗ್ ಅಂತೆ," ಅಂದ ಗಂಡ, ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಫೋನು ನೋಡುತ್ತ. "ಪೋಸ್ಟ್‌ಮಾಸ್ಟರು ಗುಂಪಲ್ಲಿ ಹಾಕಿದಾರೆ. ತಾತನ ಹತ್ರ ಇರೋ ತೋಟದ ಸಾಮಾನು ಪೆಟ್ಟಿಗೆ ಬೀಗದ ಕೈ ವಾಪಸ್ ತಗೋತಾರಂತೆ. ಪಾಪ, ವಯಸ್ಸಾಯ್ತು ಬಿಡು."

"ಏನಾಗಿದೆ ಅವರಿಗೆ ವಯಸ್ಸಾಗಿ?"

"ನನ್ಮೇಲ್ಯಾಕೆ ರೇಗ್ತೀಯ? ನಾನೇನು ಬೀಗದ ಕೈ ಕೇಳಿದ್ನಾ?" ಬಾಯಿತುಂಬ ನೊರೆ ಇಟ್ಟುಕೊಂಡೇ ಅವನು ಬೆಪ್ಪಾಗಿ ನಿಂತ.

ಅವಳು ಒಳಗೆ ಹೋಗಿ, ಆರಿದ್ದ ಗ್ಯಾಸನ್ನು ಇನ್ನೊಮ್ಮೆ ನೋಡಿದಳು.

ತಾತ ಅಂದರೆ ಡೇರೆ ತಾತ. ಆ ನಾಲ್ಕು ಕಟ್ಟಡಗಳಲ್ಲಿ ಅವರ ಸ್ವಂತ ಹೆಸರು ಬಲ್ಲವರು ಮೂರು ಮಂದಿ ಇದ್ದರೆ ಹೆಚ್ಚು. ಹತ್ತೊಂಬತ್ತನೆಯ ವಯಸ್ಸಿಗೆ ಡೇರೆ ಕಂಪನಿ ಸೇರಿದವರು, ನಲವತ್ತೊಂದು ವರ್ಷ ಅದೇ ಕೆಲಸ ಮಾಡಿದರು. ವಸ್ತುಪ್ರದರ್ಶನ, ಮದುವೆ, ಚುನಾವಣೆಯ ಸಭೆ, ನೆರೆ ಬಂದಾಗ ನಿರಾಶ್ರಿತರ ಶಿಬಿರ, ಯಾವುದಕ್ಕಾದರೂ ಸರಿ, ಬಯಲು ತೋರಿಸಿದರೆ ಬೆಳಗಾಗುವುದರೊಳಗೆ ಊರು ಎಬ್ಬಿಸುತ್ತಿದ್ದರಂತೆ. ಅವರ ಹೆಂಡತಿ ಅದೇ ಕಂಪನಿಯಲ್ಲಿ ಬಟ್ಟೆಯ ಅಂಚು ಹೊಲಿಯುತ್ತಿದ್ದವರು. "ಅವಳು ಹೊಲೀತಿದ್ಲು, ನಾನು ಹರೀತಿದ್ದೆ. ಹಂಗೇ ಸಂಸಾರ ಆಯ್ತು," ಅನ್ನುತ್ತಿದ್ದರು ತಾತ. ಆಮೇಲೆ ತಗಡಿನ ಛಾವಣಿಯ ದೊಡ್ಡ ದೊಡ್ಡ ಸಭಾಂಗಣಗಳು ಎದ್ದವು, ಡೇರೆ ಕೇಳುವವರಿಲ್ಲದೆ ಕಂಪನಿ ಮುಚ್ಚಿತು. ಮಾಲೀಕ ಕಡೆಯ ದಿನ ಕೈಗೆ ಕೊಟ್ಟದ್ದು ಗೂಟ ಹೊಡೆಯುವ ಮರದ ಕೊಡತಿ ಮತ್ತು ಒಂದು ಸುತ್ತು ಹಗ್ಗ. ಹೆಂಡತಿ ತೀರಿಕೊಂಡ ಮೇಲೆ ಅವೆರಡನ್ನೂ ಹೊತ್ತುಕೊಂಡು ಮಗಳ ಮನೆಗೆ ಬಂದರು. ಮಗಳು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮೂರನೆಯ ಕಟ್ಟಡದ ನೆಲಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಅವರ ಮಂಚದ ಪಕ್ಕದ ಕಿಟಕಿ ತೆರೆದರೆ ಎದುರಿಗೇ ತೋಟ.

ತೋಟವೆಂದರೆ ಕಾಂಪೌಂಡು ಗೋಡೆಗೂ ರೈಲು ಹಳಿಗೂ ನಡುವೆ ಯಾರಿಗೂ ಬೇಡವಾಗಿ ಉಳಿದ ಒಂದು ಉದ್ದನೆಯ ಪಟ್ಟಿ. ಹನ್ನೆರಡು ಮನೆಯವರು ಸೇರಿ ಅಲ್ಲಿ ತರಕಾರಿ ಬೆಳೆಯುತ್ತಿದ್ದರು. ನನ್ನ ಪಾತಿ, ನಿನ್ನ ಪಾತಿ ಎಂಬ ಲೆಕ್ಕವಿಲ್ಲ, ಎಲ್ಲ ಎಲ್ಲರದೂ. ಭಾನುವಾರ ಕೊಯ್ದದ್ದನ್ನು ಹಾಸಿದ ಚಾದರದ ಮೇಲೆ ಹನ್ನೆರಡು ಗುಡ್ಡೆ ಮಾಡುತ್ತಿದ್ದರು. ಬದನೆ ಒಂದರಲ್ಲಿ ಹೆಚ್ಚು, ಟೊಮೇಟೊ ಇನ್ನೊಂದರಲ್ಲಿ ಹಣ್ಣು, ಹೇಗೆ ಮಾಡಿದರೂ ಗುಡ್ಡೆಗಳು ಸಮನಾಗುವುದಿಲ್ಲ. ಅದಕ್ಕೆ ಒಬ್ಬರು ಬೆನ್ನು ತಿರುಗಿಸಿ ನಿಲ್ಲಬೇಕು. ಟೈಲರಮ್ಮ ಒಂದು ಗುಡ್ಡೆ ಮುಟ್ಟಿ "ಇದು ಯಾರಿಗೆ?" ಎಂದು ಕೂಗಿದರೆ, ತಿರುಗಿ ನಿಂತವರು ನೋಡದೆಯೇ ಒಂದು ಮನೆ ಹೇಳಬೇಕು. ಆಮೇಲೆ ಯಾರೂ ಪಿಟಕ್ಕೆನ್ನುವ ಹಾಗಿಲ್ಲ. ಐದು ವರ್ಷದಿಂದ ಬೆನ್ನು ತಿರುಗಿಸಿ ನಿಲ್ಲುತ್ತಿದ್ದವರು ಡೇರೆ ತಾತ. ಅವರ ಬೆನ್ನಿನ ಮೇಲೆ ಅಷ್ಟು ನಂಬಿಕೆ.

ಅವರು ತೋಟಕ್ಕೆ ಬಂದದ್ದೇ ಒಂದು ನಗೆಯಿಂದ. ಮೊದಲ ವರ್ಷ ಪೋಸ್ಟ್‌ಮಾಸ್ಟರು ಮುಂದೆ ನಿಂತು ಸಸಿಮನೆ ಕಟ್ಟಿಸಿದ್ದರು. ನಿವೃತ್ತಿಯಾದರೂ ಮೊಹರು ಕುಟ್ಟಿದ ಹಾಗೆಯೇ ಮಾತಾಡುವ ಮನುಷ್ಯ. ಕೊಳವೆಗಳನ್ನು ಬಾಗಿಸಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಇಟ್ಟಿಗೆ ಪೇರಿಸಿ, ಗಾಳಿ ಬರುವ ಕಡೆಗೆ ಹಳೆಯ ಬಾಗಿಲುಗಳನ್ನು ಸಾಲಾಗಿ ನಿಲ್ಲಿಸಿ "ಈಗ ಬರಲಿ ಗಾಳಿ" ಅಂದರು. ಅದು ಬಂತು. ಬಾಗಿಲುಗಳ ತಲೆಯ ಮೇಲಿಂದ ಹಾರಿ, ಆಚೆ ಬದಿಗೆ ಧುಮುಕಿ, ಸಸಿಮನೆಯನ್ನು ಸಾರಾಸಗಟಾಗಿ ಎತ್ತಿ ಹಳಿಯ ಮೇಲಿಟ್ಟಿತು. ಗೂಡ್ಸ್ ಗಾಡಿಯೊಂದು ಅರ್ಧ ತಾಸು ಕೂಗುತ್ತ ನಿಂತಿತು. ಕಿಟಕಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಗೋದು ಸುಲಭ ಸ್ವಾಮಿ," ಅಂದರಂತೆ ಪೋಸ್ಟ್‌ಮಾಸ್ಟರು ಕೆಂಡವಾಗಿ. "ಬಂದು ಕಟ್ಟಿ ನೋಡೋಣ!"

ಮರುದಿನ ತಾತ ಕೊಡತಿ ಹಿಡಿದು ಬಂದರು.

"ಗೋಡೆ ಕಟ್ಟಿದ್ರೆ ಗಾಳಿಗೆ ಸಿಟ್ಟು ಬರ್ತದೆ," ಅನ್ನುವರು. "ಜರಡಿ ಕಟ್ಟಿ. ಅರ್ಧ ನಿಲ್ಲಿಸಿ, ಅರ್ಧ ಬಿಡಿ." ಬಾಗಿಲುಗಳನ್ನು ಕಿತ್ತು, ಬೆರಳಗಲ ಸಂದು ಬಿಟ್ಟು ಬಿದಿರ ಸೀಳಿನ ಬೇಲಿ ಹಾಕಿಸಿದರು. ಅದರ ಹಿಂದೆ ಎರಡು ಸಾಲು ಜೋಳ. ಹುರುಳಿಕಾಯಿ ಬಳ್ಳಿಗೆ ಒಂಟಿ ಕೋಲಿನ ಬದಲು ಮೂರು ಕೋಲು ಸೇರಿಸಿ ತಲೆ ಕಟ್ಟಿದರು. ಹೊಸ ಸಸಿಮನೆಗೆ ಮಾತ್ರ ತಮ್ಮ ಡೇರೆಯ ವಿದ್ಯೆಯನ್ನೆಲ್ಲ ಧಾರೆಯೆರೆದರು. ಗಾಳಿ ಬೀಳದ ಬದಿಯಲ್ಲಿ ಹೊದಿಕೆಯನ್ನು ಕೊಳವೆಗೆ ಕಟ್ಟಲು ಬಿಗಿ ಗಂಟು. ಗಾಳಿ ಬಂದು ಬಡಿಯುವ ಬದಿಯಲ್ಲಿ ಹದಿನಾಲ್ಕು ಜಾರುಗಂಟು, ಬಾಲ ಹಿಡಿದು ಎಳೆದರೆ ಬಿಚ್ಚಿಕೊಳ್ಳುವಂಥವು. ಆ ಹದಿನಾಲ್ಕು ಬಾಲಗಳನ್ನೂ ಒಂದೇ ಉದ್ದನೆಯ ಹಗ್ಗಕ್ಕೆ ಸೇರಿಸಿ, ಅದರ ತುದಿಯನ್ನು ಹತ್ತು ಹೆಜ್ಜೆ ದೂರದ ಗೂಟಕ್ಕೆ ಸಿಕ್ಕಿಸಿದ್ದರು. ಗಾಳಿ ಮಿತಿಮೀರಿದರೆ ಓಡಿಹೋಗಿ ಒಂದು ಜಗ್ಗು ಜಗ್ಗಿದರೆ ಆಯಿತು, ಹೊದಿಕೆ ಒಂದು ಕಡೆ ಬಿಚ್ಚಿ ಬಾವುಟದ ಹಾಗೆ ಹಾರಾಡುತ್ತದೆ. ಗಾಳಿ ತನ್ನ ಪಾಡಿಗೆ ಹೋಗುತ್ತದೆ.

"ಬಟ್ಟೆ ಹೋದ್ರೆ ಹೋಗ್ಲಿ. ಕಂಬ ನಿಲ್ಲಬೇಕು, ಜನ ಉಳೀಬೇಕು."

ಯಾಕೆ ಹಾಗೆ ಅನ್ನುತ್ತಾರೆಂದು ಒಂದು ಸಲ ಅವಳಿಗೆ ಹೇಳಿದ್ದರು. ಕಲ್ಲು ಆರಿಸುತ್ತ, ತಲೆಯೆತ್ತದೆ. ಕಂಪನಿ ಸೇರಿದ ಮೊದಲ ವರ್ಷ ಪ್ರದರ್ಶನದ ದೊಡ್ಡ ಡೇರೆ. ಕಟ್ಟಿದವರು ಗಡಿಬಿಡಿಯಲ್ಲಿ ಎರಡೂ ಬದಿಗೆ ಕಗ್ಗಂಟು ಹಾಕಿದ್ದರು. ಗಾಳಿಗೆ ಡೇರೆ ಉಬ್ಬಿ ನೆಲ ಬಿಡುವಾಗ, ತಾತನ ಜೊತೆ ಒಂದೇ ಚಾಪೆಯಲ್ಲಿ ಮಲಗುತ್ತಿದ್ದ ಗೆಳೆಯ ಹಗ್ಗ ಬಿಚ್ಚಲು ಹೋದ. ಬಿಚ್ಚಲಿಲ್ಲ. ನಡುಗಂಬ ಬಂದು ಅವನ ಮೇಲೆಯೇ ಬಿತ್ತು. "ಕೈಗೆ ಹಗ್ಗ ಸುತ್ತಿಕೊಂಡಿದ್ದ. ಬಿಟ್ಟು ಓಡೋಕೂ ಆಗ್ಲಿಲ್ಲ," ಅಂದರು. ಮತ್ತೆ ಒಂದು ಕಲ್ಲು ಆರಿಸಿ ಬುಟ್ಟಿಗೆ ಹಾಕಿದರು. ಅದಕ್ಕೇ ತೋಟಕ್ಕೆ ಬಂದ ಪ್ರತಿಯೊಬ್ಬರಿಗೂ ಅವರ ಮೊದಲ ಪಾಠ ಒಂದೇ: ಹಗ್ಗ ಎಳೆಯುವಾಗ ಕೈಗೆ ಸುತ್ತಿಕೊಳ್ಳಬೇಡ.

ಅವಳು ತೋಟಕ್ಕೆ ಬಂದಾಗ ಕೂಸಿಗೆ ಐದು ತಿಂಗಳು. ನಾಲ್ಕನೆಯ ಮಹಡಿಯ ಮನೆಯಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತ ಕೂರುತ್ತಿದ್ದವಳನ್ನು ಟೈಲರಮ್ಮ "ಬಾರೇ ಕೆಳಗೆ, ಬಿಸಿಲಾದ್ರೂ ಬೀಳ್ಲಿ ಮೈಮೇಲೆ" ಎಂದು ಎಳೆದುಕೊಂಡು ಬಂದಿದ್ದರು. ಓದಿದ್ದೆಲ್ಲ ದೊಡ್ಡ ಶಾಲೆಗಳಲ್ಲಿ. ಮಣ್ಣು ಮುಟ್ಟಿದರೆ ಕೂಸಿಗೆ ಏನಾಗುತ್ತದೋ, ಹುಳ ಕಂಡರೆ ಕಚ್ಚುತ್ತದೋ, ಕುಡುಗೋಲು ಹಿಡಿದರೆ ಕೈ ಕೊಯ್ಯುತ್ತದೋ, ಎಲ್ಲಕ್ಕೂ ಅಂಜಿಕೆ. ತಾತ ಅವಳಿಗೆ ಒತ್ತಾಗಿ ಹುಟ್ಟಿದ ಸಸಿಗಳಲ್ಲಿ ಕೆಲವನ್ನು ಕೀಳುವ ಕೆಲಸ ಕೊಟ್ಟರು. ಅರ್ಧ ತಾಸಾದರೂ ಒಂದೂ ಕಿತ್ತಿರಲಿಲ್ಲ.

"ಏನಾಯ್ತು ಪಾಪು ತಾಯಿ? ಸಸಿಗೆ ಹೆಸರಿಡ್ತಾ ಕೂತ್ಯಾ?"

"ಯಾವುದನ್ನ ಕೀಳಲಿ ತಾತ? ಎಲ್ಲಾ ಚೆನ್ನಾಗೇ ಇದಾವೆ."

ತಾತ ನಕ್ಕು, ಕೂಸನ್ನು ಎತ್ತಿಕೊಂಡು, "ನಿನ್ನಮ್ಮ ತೋಟಕ್ಕಲ್ಲ, ಅನಾಥಾಶ್ರಮಕ್ಕೆ ಲಾಯಕ್ಕು ಕಣೋ," ಅಂದಿದ್ದರು. ಅವಳೂ ನಕ್ಕಿದ್ದಳು. ಹೆರಿಗೆಯಾದ ಮೇಲೆ ನಕ್ಕದ್ದು ಅದೇ ಮೊದಲು ಎಂಬುದು ಮನೆಗೆ ಬಂದ ಮೇಲೆ ನೆನಪಾಯಿತು.

ಜಾರುಗಂಟನ್ನೂ ಕಲಿಸಿದ್ದರು. ಕಲಿತದ್ದೂ ಹೌದು. ಆದರೆ ಒಂದು ಎಳೆತಕ್ಕೆ ಬಿಚ್ಚಿಹೋಗುವುದನ್ನು ಗಂಟು ಎಂದು ಒಪ್ಪಲು ಅವಳ ಮನಸ್ಸು ತಯಾರಿರಲಿಲ್ಲ. "ಯಾರಾದ್ರೂ ಎಡವಿದ್ರೆ? ನಾಯಿ ಎಳೆದ್ರೆ?" ಎಂದು ಕೇಳಿದ್ದಳು.

"ಎಡವಿದ್ರೆ ಮತ್ತೆ ಕಟ್ಟೋಣ. ಬಿಚ್ಚದೇ ಇದ್ರೆ ಏನ್ಮಾಡ್ತೀಯ?"

ಆ ಮಾತಿಗೆ ಅವಳು ತಲೆಯಾಡಿಸಿದ್ದಳು, ಅಷ್ಟೆ.

ಆ ಬುಧವಾರ ಬೆಳಿಗ್ಗೆ ಫೋನಿಗೆ ಎಚ್ಚರಿಕೆ ಬಂತು: ಮಧ್ಯಾಹ್ನದ ಮೇಲೆ ಬಿರುಗಾಳಿ, ಹೊರಗೆ ಹೋಗಬೇಡಿ. ಅವಳು ಅದನ್ನು ಆರು ಸಲ ಓದಿದಳು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ತೋಟಕ್ಕೆ ಇಳಿದಳು. ಯಾರೂ ಇರಲಿಲ್ಲ. ತಾತ ಕಣ್ಣಾಸ್ಪತ್ರೆಗೆ ಹೋಗಿದ್ದರು. ಸಸಿಮನೆಯೊಳಗೆ ಇನ್ನೂರು ಟೊಮೇಟೊ ಸಸಿ, ಮೆಣಸಿನ ಸಸಿ, ಅವಳೇ ಕೈಯಾರೆ ಬಿತ್ತಿದ ಬದನೆ. ಹೊರಗೆ ಆ ಹದಿನಾಲ್ಕು ಗಂಟುಗಳು ಸಡಿಲವಾಗಿ ಬಾಲ ಅಲ್ಲಾಡಿಸುತ್ತಿದ್ದವು. ತಾತ ಬರುವುದು ತಡವಾದರೆ? ಯಾರೂ ಇಲ್ಲದ ಹೊತ್ತಿನಲ್ಲಿ ಇವು ತಾವಾಗಿ ಬಿಚ್ಚಿಕೊಂಡರೆ?

ಮೇಲೆ ಹೋಗಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ನೀಲಿ ಹಗ್ಗದ ಅರ್ಧ ಕತ್ತರಿಸಿ ತಂದಳು. ತಾತನ ಒಂದು ಗಂಟನ್ನೂ ಬಿಚ್ಚಲಿಲ್ಲ. ಅವುಗಳ ಮೇಲೆಯೇ ಮೂರು ಮೂರು ಸುತ್ತು ಹಾಕಿ, ಹಲ್ಲಿನಿಂದ ಬಿಗಿದಳು. ಹದಿನಾಲ್ಕಕ್ಕೂ. ಕೂಸು ಹುಲ್ಲಿನ ಮೇಲೆ ಕೂತು ನೋಡುತ್ತಿತ್ತು. ಮುಗಿದಾಗ ಬೆರಳುಗಳು ಉರಿಯುತ್ತಿದ್ದವು, ಮನಸ್ಸು ಎಷ್ಟೋ ದಿನದ ಮೇಲೆ ಹಗುರವಾಗಿತ್ತು. ತೋಟಕ್ಕೆ ತಾನೂ ಒಂದು ಕೆಲಸಕ್ಕೆ ಬಂದೆ ಅನ್ನಿಸಿತು. ಗುಂಪಿಗೆ ಒಂದು ಸಂದೇಶ ಹಾಕಬೇಕು ಅಂದುಕೊಂಡಳು. ಅಷ್ಟರಲ್ಲಿ ಕೂಸು ಅತ್ತಿತು.

ಮೂರು ಗಂಟೆಗೆ ಗಾಳಿ ಬಂತು. ಮೊದಲು ಧೂಳು, ಆಮೇಲೆ ಎಲ್ಲಿಂದಲೋ ಹಾರಿಬಂದ ಒಂದು ತಗಡು, ಆಮೇಲೆ ಕಟ್ಟಡಗಳ ಸಂದಿನಿಂದ ಊಳಿಡುವ ಸದ್ದು. ಬಟ್ಟೆ ತೆಗೆಯಲು ಬಾಲ್ಕನಿಗೆ ಬಂದವಳು ಕೆಳಗೆ ನೋಡಿದಳು. ಸಸಿಮನೆ ಉಸಿರು ಕಟ್ಟಿದ ಪ್ರಾಣಿಯ ಹಾಗೆ ಉಬ್ಬುತ್ತಿತ್ತು. ಮೂರನೆಯ ಕಟ್ಟಡದಿಂದ ತಾತ ಬಂದರು. ಓಡುವ ವಯಸ್ಸಲ್ಲ, ಆದರೂ ಓಡಿದರು. ಕಣ್ಣಿಗೆ ಔಷಧಿ ಹನಿ ಹಾಕಿದ್ದರಿಂದ ಮುಂದೆ ಕೈ ಚಾಚಿ, ತಡವರಿಸುತ್ತ, ಗೂಟ ಹುಡುಕಿ ಹಗ್ಗದ ತುದಿ ಹಿಡಿದರು. ಒಂದು ಜಗ್ಗು ಜಗ್ಗಿದರು.

ಬಿಚ್ಚಲಿಲ್ಲ.

ಆ ಕ್ಷಣಕ್ಕೇ ಅವಳಿಗೆ ಎಲ್ಲ ತಿಳಿಯಿತು. "ತಾತಾ, ಬಿಡಿ! ಬಿಡಿ!" ಎಂದು ಕಿರುಚಿದಳು. ಗಾಳಿ ಆ ಮಾತನ್ನು ಅವಳ ಬಾಯಿಯಿಂದಲೇ ಕಿತ್ತುಕೊಂಡು ಹೋಯಿತು. ತಾತ ಇನ್ನೊಮ್ಮೆ ಜಗ್ಗಿದರು. ಮತ್ತೆ, ಐದು ವರ್ಷ ಎಲ್ಲರಿಗೂ ಬೇಡ ಬೇಡ ಎಂದು ಹೇಳಿದವರು, ಹಗ್ಗವನ್ನು ಬಲಗೈಗೆ ಎರಡು ಸುತ್ತು ಸುತ್ತಿಕೊಂಡು ಮೈಭಾರವೆಲ್ಲ ಹಾಕಿ ಎಳೆದರು. ಅವರ ಗಂಟು ಅವರಿಗೆ ಎಂದೂ ಕೈಕೊಟ್ಟಿರಲಿಲ್ಲ. ಕೊಡುತ್ತದೆಂದು ಅವರಿಗೆ ಹೊಳೆದೇ ಇರಲಿಲ್ಲ. ಸಸಿಮನೆ ಗೂಟಗಳ ಸಮೇತ ಎದ್ದಿತು. ತಾತನನ್ನು ನಾಲ್ಕು ಹೆಜ್ಜೆ ಎಳೆದುಕೊಂಡು ಹೋಗಿ, ಬೇಲಿಗೆ ಬಡಿದು, ಹಗ್ಗ ಕಳಚಿಕೊಂಡಿತು. ಹಗ್ಗದ ಜೊತೆ ಎರಡು ಬೆರಳೂ.

ಕರೆಂಟು ಹೋಗಿತ್ತು, ಲಿಫ್ಟ್ ಇಲ್ಲ. ಕೂಸನ್ನು ಅವುಚಿಕೊಂಡು ನಾಲ್ಕು ಮಹಡಿ ಇಳಿದು ಬರುವಷ್ಟರಲ್ಲಿ ಜನ ಸೇರಿದ್ದರು. ಟೈಲರಮ್ಮ ತಮ್ಮ ಹೆಗಲ ಮೇಲಿನ ಬಟ್ಟೆಯಿಂದ ತಾತನ ಕೈ ಸುತ್ತುತ್ತಿದ್ದರು. ತಾತ ನೆಲದ ಮೇಲೆ ಕೂತು, "ಬಿಚ್ಚಲಿಲ್ಲಲ್ಲ... ಯಾಕೆ ಬಿಚ್ಚಲಿಲ್ಲ?" ಅನ್ನುತ್ತಿದ್ದರು, ಯಾರಿಗೆಂದಲ್ಲ. ಅವಳ ಕಾಲ ಬಳಿ ಮುರಿದ ಕೊಳವೆಯೊಂದು ನೆಲದಲ್ಲೇ ಉಳಿದಿತ್ತು, ಅದಕ್ಕೆ ಒಂದು ನೀಲಿ ಗಂಟು. ಆ ಗಳಿಗೆಯಲ್ಲಿ ಅವಳ ಕೈ ತಾತನ ಕಡೆ ಚಾಚಲಿಲ್ಲ. ಬಗ್ಗಿ, ಕೊಳವೆಯ ತುದಿಯಿಂದ ಆ ಗಂಟನ್ನು ಜಾರಿಸಿ ತೆಗೆದು ಜೇಬಿಗೆ ಹಾಕಿಕೊಂಡಿತು.

ಅದನ್ನು ನೆನೆದಾಗಲೆಲ್ಲ, ಗಂಟು ಕಟ್ಟಿದ್ದನ್ನಾದರೂ ಕ್ಷಮಿಸಬಹುದು, ಇದನ್ನಲ್ಲ ಅನ್ನಿಸುತ್ತಿತ್ತು.

ಉಳಿದ ಹದಿಮೂರು ಗಂಟುಗಳು ಹೊದಿಕೆಯ ಜೊತೆ ಹಳಿಯ ಪಕ್ಕ ಸಿಕ್ಕವು. ನೀಲಿ ಹಗ್ಗ ಎಲ್ಲಿಯದೆಂದು ಯಾರೂ ಕೇಳಲಿಲ್ಲ. ತೋಟದ ಚೀಲದಲ್ಲಿ ಎಲ್ಲರ ಮನೆಯ ಹಳೆಯ ಹಗ್ಗ, ಲಾಡಿ, ವೈರು ಕಲಸಿಕೊಂಡಿರುತ್ತಿದ್ದವು. ಪೋಸ್ಟ್‌ಮಾಸ್ಟರು ಮಾತ್ರ ಗುಂಪಿನಲ್ಲಿ ಬರೆದರು: "ತಾತನವರ ಗಂಟಿನ ಮೇಲೆ ಬೇರೆ ಯಾರಾದರೂ ಗಂಟು ಹಾಕಿದ್ದೀರಾ? ದಯವಿಟ್ಟು ತಿಳಿಸಿ." ಒಂದರ ಹಿಂದೆ ಒಂದು "ಇಲ್ಲ" ಬಂತು. ಅವಳು ಟೈಪ್ ಮಾಡಿದಳು, ಅಳಿಸಿದಳು, ಮಾಡಿದಳು, ಅಳಿಸಿದಳು. ಕೊನೆಗೆ ಮುಗಿದ ಕೈಗಳ ಒಂದು ಚಿತ್ರ ಹಾಕಿದಳು. ತಾತ ಬೇಗ ಗುಣವಾಗಲಿ ಎಂದು ಬೇಡುತ್ತಿದ್ದಾಳೆ ಪಾಪ, ಎಂದು ತಿಳಿದ ಐದಾರು ಮಂದಿ ತಾವೂ ಕೈ ಮುಗಿದರು. ಕುಡುಗೋಲು ಹಿಡಿಯಲೂ ಹೆದರುವವಳನ್ನು ಅನುಮಾನಿಸುವುದು ಯಾರ ತಲೆಗೂ ಹೋಗಲಿಲ್ಲ.

ಐದನೆಯ ದಿನ ಆಸ್ಪತ್ರೆಗೆ ಹೋಗಿದ್ದಳು, ಹೇಳಿಯೇ ತೀರುತ್ತೇನೆಂದು. ಹಸಿರು ಪರದೆ, ಗಾಲಿಯ ಮೇಜು, ಅದರ ಮೇಲೆ ಸುಲಿಯದ ಕಿತ್ತಳೆ. ತಾತನ ಬಲಗೈ ಬೋರಲಿಟ್ಟ ಚೊಂಬಿನಷ್ಟು ದಪ್ಪಗೆ ಬ್ಯಾಂಡೇಜಿನಲ್ಲಿತ್ತು.

"ಬಂದ್ಯಾ ಪಾಪು ತಾಯಿ? ಕೂಸೆಲ್ಲಿ?"

"ಟೈಲರಮ್ಮನ ಹತ್ರ ಬಿಟ್ಟು ಬಂದೆ."

"ಬದನೆ ಸಸಿ ಒಂದಾದ್ರೂ ಉಳೀತಾ?"

"ಇಲ್ಲ ತಾತ."

ತಾತ ಫ್ಯಾನಿನ ಕಡೆ ನೋಡಿದರು. ಆಮೇಲೆ ಗುಟ್ಟು ಹೇಳುವವರಂತೆ ದನಿ ತಗ್ಗಿಸಿದರು. "ಟೈಲರಮ್ಮ ತಂದು ತೋರಿಸಿದ್ರು ಆ ಗಂಟುಗಳನ್ನ. ಮೂರು ಸುತ್ತು. ಕಗ್ಗಂಟು. ಒಳಗೇನಿತ್ತೋ ಕಾಣದಷ್ಟು ಬಿಗಿದಿತ್ತು. ಇದು ನನ್ನ ಕೈಯಲ್ಲ ಅನ್ನಿಸ್ತು ನೋಡು. ಆದ್ರೆ ನಾನಲ್ಲದೆ ಇನ್ಯಾರು ಕಟ್ತಾರೆ ಅಲ್ಲಿ? ಎಲ್ಲಾರೂ ಇಲ್ಲ ಅಂದವ್ರೆ. ಅವರ್ಯಾಕೆ ಸುಳ್ಳು ಹೇಳ್ತಾರೆ? ನಾನೇ ಕಟ್ಟಿರ್ಬೇಕು. ಕಟ್ಟಿದ್ದು ಮರ್ತಿರ್ಬೇಕು."

"ಹಂಗೇನಿಲ್ಲ ತಾತ..."

"ಬೆರಳು ಹೋದ್ರೆ ಹೋಗ್ಲಿ ಮಗಳೇ. ಎಂಟಿದಾವೆ. ತಲೆ ಒಂದೇ ಅಲ್ವಾ ಇರೋದು?"

ಹೇಳಲು ಬಾಯಿ ತೆರೆದಳು. ನರ್ಸು ಬಂದು ಸಮಯವಾಯಿತು ಅಂದರು. ನರ್ಸು ಒಂದು ನಿಮಿಷ ಕೇಳಿದ್ದರೆ ಕೊಡುತ್ತಿದ್ದರು. ಅವಳು ಕೇಳಲಿಲ್ಲ, ಎದ್ದು ಬಂದಳು. ದಾರಿಯುದ್ದಕ್ಕೂ ಬಸ್ಸಿನ ಕಂಬಿಯನ್ನು ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು.

ತಾತನನ್ನು ಎಂಟನೆಯ ದಿನ ಮನೆಗೆ ಕರೆತಂದರು. ಆಮೇಲಿನ ಸುದ್ದಿಯೆಲ್ಲ ಟೈಲರಮ್ಮನ ಬಾಯಿಂದ. ತಾತ ಒಲೆ ಮುಟ್ಟುತ್ತಿಲ್ಲವಂತೆ, ಹಚ್ಚಿ ಮರೆತುಬಿಟ್ಟರೆ ಎಂದು ಹೆದರಿಕೆ. ಬೆಂಕಿಪೊಟ್ಟಣವನ್ನು ತಾವೇ ಮಗಳ ಕೈಗೆ ಕೊಟ್ಟು "ಬಚ್ಚಿಡು" ಅಂದರಂತೆ. ಬಾಗಿಲ ಚಿಲಕ ಹಾಕಿದೆನಾ ಎಂದು ನಾಲ್ಕು ನಾಲ್ಕು ಸಲ ಎದ್ದು ಹೋಗಿ ನೋಡುತ್ತಾರಂತೆ. ಕಿಟಕಿ ಮುಚ್ಚಿಸಿದ್ದಾರಂತೆ, ತೋಟ ಕಾಣಬಾರದೆಂದು. ಮಗಳು ಕೆಲಸಕ್ಕೆ ರಜೆ ಹಾಕಿ ಕೂತಿದ್ದಾಳೆ.

ನಾಲ್ಕು ಸಲ ಎದ್ದು ಹೋಗಿ ನೋಡುವುದು. ಅದು ಅವಳ ಬಾಳು. ಅದನ್ನು ಅವಳು ತಾತನಿಗೆ ಅಂಟಿಸಿದ್ದಳು.

ಶನಿವಾರ ಮಧ್ಯಾಹ್ನ ಗಂಡ ಸಾಮಾನು ತರಲು ಹೋದ. ಕೂಸು ಮಲಗಿತು. ಅವಳು ಡ್ರಾಯರ್ ತೆರೆದು, ಕಾಲುಚೀಲಗಳನ್ನು ಸರಿಸಿ, ಹಗ್ಗವನ್ನು ಹೊರಗೆ ತೆಗೆದಳು. ಮಂಚದ ಅಂಚಿನಲ್ಲಿ ಕೂತು ಗಂಟು ಬಿಚ್ಚಲು ನೋಡಿದಳು. ಉಗುರಿಗೆ ಬರಲಿಲ್ಲ, ಹಲ್ಲಿಗೆ ಬರಲಿಲ್ಲ. ಹೊಲಿಗೆ ಸೂಜಿ ತಂದು ಚುಚ್ಚಿದಳು, ಸೂಜಿ ಬಾಗಿತು. ಮನೆಯಲ್ಲಿ ಆರಾಮವಾಗಿ ಕೂತು, ಎರಡೂ ಕಣ್ಣು ಕಾಣುವವಳು, ಎರಡೂ ಕೈಯಿಂದ ಒಂದೇ ಒಂದನ್ನು ಬಿಚ್ಚಲಾಗಲಿಲ್ಲ. ಅವರು ಆ ಧೂಳಿನಲ್ಲಿ, ಮಂಜುಗಣ್ಣಿನಲ್ಲಿ, ಹದಿನಾಲ್ಕನ್ನೂ ಒಟ್ಟಿಗೆ ಎಳೆದಿದ್ದರು.

ನಾಳೆ ಹತ್ತು ಗಂಟೆಗೆ ಬೀಗದ ಕೈ ಕೇಳುತ್ತಾರೆ. ತಾತ ಕೊಡುತ್ತಾರೆ, ಒಂದು ಮಾತೂ ಆಡದೆ. ಅದೇ ಅವಳಿಗೆ ತಡೆಯಲಾಗದ್ದು.

ತಾತನ ಮಗಳ ನಂಬರಿಗೆ ಫೋನು ಮಾಡಿದಳು. ಮೊದಲ ರಿಂಗಿಗೇ ಕಟ್ ಮಾಡಿದಳು. ನೀರು ಕುಡಿದು ಬಂದು ಮತ್ತೆ ಮಾಡಿದಳು.

"ಹಲೋ, ಯಾರು? ಈಗ ಮಾಡಿ ಕಟ್ ಮಾಡಿದ್ದೂ ನೀವೇನಾ?"

"ಅಕ್ಕ, ನಾನು... ನಾಲ್ಕನೇ ಮಹಡಿ. ಪಾಪು ಅಮ್ಮ."

"ಓ, ಹೇಳಿ. ಅಪ್ಪನ್ನ ವಿಚಾರಿಸೋಕಾ? ಇದಾರೆ, ಹಂಗೇ ಇದಾರೆ."

"ಅಕ್ಕ, ಆ ನೀಲಿ ಹಗ್ಗ ನಂದು."

"ಏನು ನಿಮ್ದು?"

"ಗಂಟು. ಹದಿನಾಲ್ಕೂ ನಾನೇ ಕಟ್ಟಿದ್ದು. ತಾತ ಕಣ್ಣಾಸ್ಪತ್ರೆಗೆ ಹೋಗಿದ್ರಲ್ಲ, ಆಗ. ಗಾಳಿ ಬರುತ್ತೆ ಅಂತ ಬಿಗಿ ಮಾಡೋಕೆ ಹೋದೆ. ತಾತನದೇನೂ ತಪ್ಪಿಲ್ಲ. ಅವರೇನೂ ಮರ್ತಿಲ್ಲ."

ಆ ಕಡೆ ನಲ್ಲಿ ಹರಿಯುವ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ಹತ್ತು ದಿನ ಆಯ್ತಲ್ರೀ," ಅಂದಳು ಮಗಳು.

"ಹೂಂ."

"ನಿನ್ನೆ ಡಾಕ್ಟ್ರು ಅವರಿಗೆ ಗಡಿಯಾರ ಬಿಡಿಸೋಕೆ ಹೇಳಿದ್ರು. ತಲೆ ಸರಿ ಇದೆಯಾ ಅಂತ ನೋಡೋಕೆ. ಸ್ಕೂಲ್ ಮಕ್ಕಳಿಗೆ ಹೇಳೋ ಹಾಗೆ. ಎಡಗೈಯಲ್ಲಿ ಬಿಡಿಸಿದ್ರು. ಹನ್ನೆರಡೂ ಅಂಕಿ ಸರಿಯಾಗೇ ಬರೆದ್ರು. ಬರೆದುಬಿಟ್ಟು, ಸರಿ ಇದೆಯೇನಮ್ಮಾ ಅಂತ ನನ್ನ ಮುಖ ನೋಡಿದ್ರು. ನನ್ನ ಜನ್ಮದಲ್ಲಿ ಅಪ್ಪ ನನ್ನ ಮುಖ ಹಾಗೆ ನೋಡಿರ್ಲಿಲ್ಲ ಕಣ್ರೀ."

ಅವಳು ಮಂಚದ ಮೇಲಿದ್ದ ಗಂಟನ್ನು ಕೈಗೆತ್ತಿಕೊಂಡಳು.

"ನಾಳೆ ಎಲ್ಲಾರ ಎದುರಿಗೂ ಹೇಳ್ತೀರಾ?"

"ಹೇಳ್ತೀನಿ."

"ಅದು ನಾಳೆ. ಈಗ ಇವರಿಗೆ ಹೇಳಿ. ಕೊಡ್ತೀನಿ ತಡೀರಿ."

ಚಪ್ಪಲಿಯ ಸದ್ದು. ಬಾಗಿಲು ಕಿರುಗುಟ್ಟಿತು. "ಯಾರಮ್ಮ?" ಎಂದು ದೂರದಿಂದ ತಾತನ ದನಿ. ಆಮೇಲೆ ಹತ್ತಿರ, ಫೋನನ್ನು ಅಭ್ಯಾಸವಿಲ್ಲದ ಕೈಯಲ್ಲಿ ಹಿಡಿದಂತೆ ಉಸಿರೆಲ್ಲ ಕಿವಿಗೆ ಬಡಿಯುತ್ತ: "ಹೇಳು ಪಾಪು ತಾಯಿ."

"ತಾತ, ಆ ಗಂಟು ನಾನು ಕಟ್ಟಿದ್ದು."

ಬೈಯಲಿ ಎಂದು ಅವಳು ಕಾದಳು.

"ಎಷ್ಟು ಸುತ್ತು?" ಅಂದರು ತಾತ.

"ಮೂರು."

"ನನ್ನ ಗಂಟು ಬಿಚ್ಚಿ ಕಟ್ಟಿದ್ಯಾ? ಮೇಲೇ ಕಟ್ಟಿದ್ಯಾ?"

"ಮೇಲೇ ತಾತ. ನಿಮ್ದನ್ನ ಮುಟ್ಟಲಿಲ್ಲ."

"ನಂದು ಕೆಳಗಿತ್ತಾ?"

"ಇತ್ತು."

"ಜಾರುಗಂಟೇ? ನೋಡಿದ್ಯಾ ಸರಿಯಾಗಿ?"

"ನೋಡಿದೆ ತಾತ. ಹದಿನಾಲ್ಕೂ ಜಾರುಗಂಟೇ. ನೀವು ಹೇಗೆ ಕಟ್ತೀರೋ ಹಾಗೇ ಇತ್ತು."

ತಾತ ಬೈಯಲಿಲ್ಲ, ಹೋಗಲಿ ಬಿಡು ಎಂದೂ ಅನ್ನಲಿಲ್ಲ. ಫೋನನ್ನು ಎಲ್ಲೋ ಮೇಜಿನ ಮೇಲಿಟ್ಟ ಟಕ್ ಎಂಬ ಸದ್ದು ಬಂತು, ಕಟ್ ಮಾಡಿರಲಿಲ್ಲ. ದೂರದಲ್ಲಿ ಮಾತು ಕೇಳಿಸಿತು.

"ಕೇಳಿದ್ಯೇನೇ? ನಂದು ಕೆಳಗಿತ್ತಂತೆ. ನಾನಲ್ವಂತೆ ಕಣೇ."

"ಹೂಂ ಅಪ್ಪ."

"ಹದಿನಾಲ್ಕೂ ಇತ್ತಂತೆ."

"ಕೇಳಿಸ್ತು ಅಪ್ಪ, ಕೂತ್ಕೋ."

"ಆ ಬೆಂಕಿಪೊಟ್ಟಣ ಎಲ್ಲಿಟ್ಟಿದೀಯ? ಕೊಡಿಲ್ಲಿ."

ಡಬ್ಬಗಳನ್ನು ಸರಿಸುವ ಸದ್ದು. ಕಡ್ಡಿ ಗೀರಿದ ಸದ್ದು, ಎಡಗೈಯದು, ಹತ್ತಲಿಲ್ಲ. ಇನ್ನೊಮ್ಮೆ. ಅವಳು ಬಿಚ್ಚದ ಗಂಟನ್ನು ಮುಷ್ಟಿಯಲ್ಲಿ ಹಿಡಿದು, ಫೋನನ್ನು ಕಿವಿಗೊತ್ತಿಕೊಂಡು, ಮೂರನೆಯ ಕಡ್ಡಿಗೆ ಕಾದಳು.